ಲದ್ದಿ ಬಾಚಿ, ಮಕ್ಕಳನ್ನು ಬಿಟ್ಟು, ಕೆಲಸಕ್ಕೆ

ಇಂಗ್ಲೆಂಡಿನ ರೆಡಿಂಗ್ ಪಟ್ಟಣ ದಾಟಿ ದಕ್ಷಿಣಕ್ಕೆ, ಹ್ಯಾಂಪ್‌ಶೈರ್ ಗಡಿಯ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಬೀದಿದೀಪಗಳು ಮುಗಿಯುತ್ತವೆ. ಆಮೇಲೆ ಎರಡೂ ಬದಿ ಪೊದೆಬೇಲಿ, ನಡುವೆ ಒಂದೇ ಕಾರು ಹೋಗುವಷ್ಟು ದಾರಿ. ನವೆಂಬರ್ ನಡುಭಾಗ, ಬೆಳಗಿನ ಆರೂಕಾಲು. ಸೂರ್ಯ ಮೂಡಲು ಇನ್ನೂ ಒಂದು ಗಂಟೆ ಬೇಕು. ಆ ಕತ್ತಲಲ್ಲಿ ಮರದ ಗೇಟೊಂದರ ಒಳಗೆ ನಾಲ್ಕು ಕಾರು ಆಗಲೇ ಬಂದು ನಿಂತಿವೆ. ಎಲ್ಲವೂ ಹಳೆಯವು, ಕೆಸರು ಮೆತ್ತಿದವು. ಒಂದರ ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸುವ ಪುಟ್ಟ ಕುರ್ಚಿ, ಪಕ್ಕದಲ್ಲಿ ಮಗುಚಿಟ್ಟ ಜೀನು, ಕಾಲಡಿ ಒಣಹುಲ್ಲು ಅಂಟಿಸಿಕೊಂಡ ಶಾಲೆಯ ಚೀಲ.

ಇಂಗ್ಲೆಂಡಿನ ಕುದುರೆ ಎಂದರೆ ನಮಗೆ ನೆನಪಾಗುವುದು ರಾಜಮನೆತನ, ಆಸ್ಕಾಟ್ ರೇಸು, ಅಲ್ಲಿನ ಹೆಂಗಸರ ಬುಟ್ಟಿಯಗಲದ ಟೋಪಿಗಳು. ಆಸ್ಕಾಟ್ ಇಲ್ಲಿಂದ ದೂರವೇನಲ್ಲ, ಅದೂ ಇದೇ ಬರ್ಕ್‌ಶೈರ್ ಕೌಂಟಿಯಲ್ಲಿದೆ. ಆದರೆ ಈ ಅಂಗಳದಲ್ಲಿ ಕುದುರೆ ಕಟ್ಟಿರುವವರು ಆಸ್ಪತ್ರೆಯ ನರ್ಸು, ಪ್ರಾಥಮಿಕ ಶಾಲೆಯ ಟೀಚರು, ಕಂಪನಿಯೊಂದರಲ್ಲಿ ಲೆಕ್ಕ ಬರೆಯುವಾಕೆ, ನಾಯಿಗಳಿಗೆ ಕ್ಷೌರ ಮಾಡಿ ಬದುಕುವಾಕೆ. ಬಹುತೇಕ ಎಲ್ಲರಿಗೂ ಸಣ್ಣ ಮಕ್ಕಳು. ಗಂಡಸರು ಎಲ್ಲಿ ಎಂದು ಹುಡುಕಿದೆ. ಒಬ್ಬ ಸಿಕ್ಕಿದ: ಕಾರಿನಲ್ಲಿ ಹೀಟರ್ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಹಿಂದೆ ನಿದ್ದೆ ಹೋದ ಮಗುವಿಗೆ ಕಾವಲು ಕೂತಿದ್ದ.

ಇದು ಲಿವರಿ ಯಾರ್ಡ್, ಅಂದರೆ ಕುದುರೆಗಳಿಗೆ ಬಾಡಿಗೆ ಮನೆ. ರೈತನೊಬ್ಬ ತನ್ನ ಹೊಲದ ಒಂದು ಭಾಗವನ್ನೂ ಹಳೆಯ ದನದ ಕೊಟ್ಟಿಗೆಯನ್ನೂ ಲಾಯ ಮಾಡಿ ಬಾಡಿಗೆಗೆ ಕೊಟ್ಟಿದ್ದಾನೆ. ಬಾಡಿಗೆಯಲ್ಲಿ ದರ್ಜೆಗಳಿವೆ. ಫುಲ್ ಲಿವರಿ ಎಂದರೆ ಎಲ್ಲ ಕೆಲಸವೂ ಅಂಗಳದ ಆಳುಗಳದ್ದು. ಒಡತಿ ಬಂದು ಸವಾರಿ ಮಾಡಿ ಹೋದರಾಯಿತು, ದುಡ್ಡಿರಬೇಕು ಅಷ್ಟೆ. ಪಾರ್ಟ್ ಲಿವರಿಯಲ್ಲಿ ಕೆಲಸ ಹಂಚಿಕೆ. ಇವುಗಳಲ್ಲಿ ಅಗ್ಗದ್ದು ಡಿಐವೈ, ಅಂದರೆ ನೀವೇ ಮಾಡಿಕೊಳ್ಳಿ: ಗೋಡೆ, ಸೂರು, ನಲ್ಲಿ, ಹುಲ್ಲುಗಾವಲಿನ ಒಂದು ತುಂಡು ರೈತನದು, ಉಳಿದದ್ದೆಲ್ಲ ನಿಮ್ಮದು. ಈ ಅಂಗಳ ಪೂರ್ತಿ ಡಿಐವೈ. ಬೆಂಗಳೂರಿನ ಸವಾರಿ ಶಾಲೆಗಳಲ್ಲಿ ಕುದುರೆ ಇಟ್ಟವರಿಗೆ ಸಯೀಸ ಇರುತ್ತಾನೆ, ಜೀನು ಬಿಗಿದು ಕುದುರೆಯನ್ನು ತಂದು ನಿಲ್ಲಿಸುತ್ತಾನೆ. ಇಲ್ಲಿ ಒಡತಿಯೇ ಸಯೀಸಳು. ಈ ನರ್ಸಮ್ಮನಿಗೆ ನಮ್ಮ ಕಡೆ ಹತ್ತಿರದ ನಂಟ ಯಾರಾದರೂ ಇದ್ದರೆ ಅದು ರೇಸ್ ಕುದುರೆಯ ಮಾಲೀಕನಲ್ಲ, ಮೈಸೂರಿನ ಟಾಂಗಾದವನು.

ಗೇಟಿನಿಂದ ಒಳಗೆ ಬಂದರೆ ಮೊದಲು ಎದುರಾಗುವುದು ಲದ್ದಿಯ ಗುಡ್ಡ. ಸಾಧಾರಣ ಗಾತ್ರದ ಕುದುರೆ ದಿನಕ್ಕೆ 20 ಕಿಲೋದಷ್ಟು ಲದ್ದಿ ಹಾಕುತ್ತದೆ. ಅದನ್ನು ಬಾಚಿ, ಒದ್ದೆಯಾದ ಹಾಸನ್ನು ಎತ್ತಿ, ಒಂಟಿ ಗಾಲಿಯ ಕೈಗಾಡಿಯಲ್ಲಿ ತುಂಬಿ, ಹಲಗೆಯ ಮೇಲೆ ಓಡುತ್ತಾ ಗುಡ್ಡದ ತುದಿಗೆ ಏರಿಸಿ ಸುರಿಯಬೇಕು. ತಲೆಗೆ ಕಟ್ಟಿಕೊಂಡ ದೀಪಗಳ ಬೆಳಕಿನಲ್ಲಿ ನಾಲ್ವರು ಹೆಂಗಸರು ಮಾತಿಲ್ಲದೆ ಅದನ್ನೇ ಮಾಡುತ್ತಿದ್ದಾರೆ. ಕುದುರೆ ಕಂಡರೆ ಕಾಲುನೋವು ಎನ್ನುವ ಗಾದೆ ಕಟ್ಟಿದವನು ಇಂಥ ಅಂಗಳ ನೋಡಿರಲಿಕ್ಕಿಲ್ಲ. ಇಲ್ಲಿ ಕುದುರೆ ಕಂಡರೆ ಸೊಂಟನೋವು.

ಲಾಯದ ಸಾಲಿನಲ್ಲಿ ನಡೆದರೆ ಪ್ರತಿ ಬಾಗಿಲ ಪಕ್ಕ ಬಲೆಚೀಲದಲ್ಲಿ ಹುಲ್ಲು ತೂಗುತ್ತಿದೆ. ಬಲೆಯ ಕಣ್ಣುಗಳು ಎಷ್ಟು ಸಣ್ಣವೆಂದರೆ ಕುದುರೆ ಒಂದೊಂದೇ ಎಳೆ ಕೀಳಬೇಕು. ಇದು ಜಿಪುಣತನವಲ್ಲ. ಈ ಹೆಂಗಸರ ಇಡೀ ದಿನಚರಿ ಈ ಬಲೆಯಿಂದಲೇ ನೇತಾಡುತ್ತಿದೆ, ಹಾಗಾಗಿ ಸ್ವಲ್ಪ ನಿಂತು ನೋಡಬೇಕು. ಕುದುರೆಗೆ ದನದಂತೆ ತಿಂದು ಮಲಗಿ ಮೆಲುಕು ಹಾಕುವ ಸೌಲಭ್ಯ ಇಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದರೆ ತೀರ ಚಿಕ್ಕದು. ಅದರಲ್ಲಿ ಆಮ್ಲ ಮಾತ್ರ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ. ಹೊಟ್ಟೆ ತುಂಬ ಹೊತ್ತು ಖಾಲಿ ಬಿದ್ದರೆ ಹುಣ್ಣು. ಕರುಳಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಶೂಲೆ. ಕುದುರೆಗೆ ವಾಂತಿ ಮಾಡಲು ಬಾರದು, ಹಾಗಾಗಿ ಶೂಲೆ ಜೀವಕ್ಕೇ ಬರಬಹುದು. 500 ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು 10 ಕಿಲೋ ಒಣಹುಲ್ಲು ಬೇಕು, ಅದೂ ಒಮ್ಮೆಗೇ ಅಲ್ಲ, ದಿನವಿಡೀ ಇಷ್ಟಿಷ್ಟೇ. ಆಫೀಸಿನ ಮೀಟಿಂಗನ್ನು ಮುಂದಕ್ಕೆ ಹಾಕಬಹುದು, ಮಗುವಿನ ಊಟವನ್ನು ಗಂಡನಿಗೋ ಅತ್ತೆಗೋ ವಹಿಸಬಹುದು. ಈ ಹೊಟ್ಟೆಯ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬರಲೇಬೇಕು, ಕ್ರಿಸ್‌ಮಸ್ ದಿನವೂ. ಸಣ್ಣ ಕಣ್ಣಿನ ಬಲೆ ಆ ಎರಡು ಭೇಟಿಗಳ ನಡುವಿನ ಅಂತರವನ್ನು ಅಷ್ಟಿಷ್ಟು ಹಿಗ್ಗಿಸುತ್ತದೆ.

ಭಾನುವಾರ ಮಧ್ಯಾಹ್ನ ಇಡೀ ವಾರದ ಬಲೆಗಳನ್ನು ಒಟ್ಟಿಗೆ ತುಂಬಿ ಗೋಡೆಗೆ ಸಾಲಾಗಿ ನೇತುಹಾಕುತ್ತಾರೆ. ತುಂಬುವವರು ಮಕ್ಕಳು. ಬಲೆಗೆ 50 ಪೆನ್ಸ್ ಕೂಲಿ. ಏಳು ವರ್ಷದ ಹುಡುಗನೊಬ್ಬ ಈಚೆಗೆ ದರ ಏರಿಸುವಂತೆ ಕೇಳಿದ್ದಾನಂತೆ, ಮಾತುಕತೆ ನಡೆಯುತ್ತಿದೆ.

ಕೊನೆಯ ಲಾಯದಲ್ಲಿ ಕುದುರೆ ಇಲ್ಲ. ಬಾಗಿಲಿಗೆ ಇನ್ನೊಂದು ಚಿಲಕ, ನೆಲಕ್ಕೆ ರಬ್ಬರ್ ಹಾಸು, ಆಟಿಕೆಯ ಡಬ್ಬಿ, ಹಳೆಯ ಸೋಫಾ. ನಡೆಯಲು ಬಂದು ಬುದ್ಧಿ ಇನ್ನೂ ಬಾರದ ವಯಸ್ಸಿನ ಮಕ್ಕಳ ದೊಡ್ಡಿ ಇದು. ತಾಯಂದಿರೇ ಕೂಡಿ ಮಾಡಿಕೊಂಡದ್ದು. ಕುದುರೆಗೆ ತನ್ನ ಸುತ್ತಲಿನ ಹೆಚ್ಚು ಕಡಿಮೆ ಎಲ್ಲವೂ ಕಾಣುತ್ತದೆ. ಕಾಣದಿರುವುದು ಬಾಲದ ಹಿಂದಿನ ಜಾಗ ಮತ್ತು ಹಣೆಯ ಮುಂದಿನ ತುಸು ಜಾಗ. ಎರಡು ವರ್ಷದ ಮಗು ಓಡಿಬಂದು ನಿಲ್ಲುವುದು ಸರಿಯಾಗಿ ಅಲ್ಲೇ. ಹಿಂಗಾಲಿನ ಒಂದು ಒದೆತ ದೊಡ್ಡವರಿಗಾದರೆ ತೊಡೆಗೆ, ಮಗುವಿಗಾದರೆ ತಲೆಗೆ. ಹಾಗಾಗಿ ಅಂಗಳದಲ್ಲಿರುವಷ್ಟು ಹೊತ್ತೂ ಮಕ್ಕಳ ತಲೆಯ ಮೇಲೆ ಸವಾರಿ ಹೆಲ್ಮೆಟ್ ಇರಬೇಕು, ಕುದುರೆಯನ್ನು ನಡೆಸುವಾಗ ತಳ್ಳುಗಾಡಿ ಓಣಿಯಲ್ಲಿರಬಾರದು, ಓಡಬಾರದು, ಕಿರುಚಬಾರದು ಎಂದು ಫಲಕವೊಂದು ಹೇಳುತ್ತದೆ. ಎರಡು ವರ್ಷದವರಿಗೆ ಕಿರುಚಬೇಡ ಎಂದು ಹೇಳಿದವರ ಸಂಕಟ ಆ ಫಲಕದ ದಪ್ಪ ಅಕ್ಷರಗಳಲ್ಲೇ ಗೊತ್ತಾಗುತ್ತದೆ.

ಜೀನು, ಲಗಾಮುಗಳ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲುವಂಥದ್ದೇನಿಲ್ಲ. ಚರ್ಮದ ವಾಸನೆ, ಕುದುರೆಗಳಿಗೆ ಹೊದಿಸುವ ಕಂಬಳಿಗಳ ರಾಶಿ, ಒಂದು ಕಪಾಟಿನಲ್ಲಿ ಕುದುರೆಗಳ ಪಾಸ್‌ಪೋರ್ಟು. ಹೌದು, ಇಲ್ಲಿ ಪ್ರತಿ ಕುದುರೆಗೂ ಕಾನೂನಿನಂತೆ ಪಾಸ್‌ಪೋರ್ಟ್ ಬೇಕು. 2020ರ ಅಕ್ಟೋಬರಿನಿಂದ ಕತ್ತಿನಲ್ಲಿ ಮೈಕ್ರೋಚಿಪ್ಪೂ ಕಡ್ಡಾಯ. ಟೀಚರಮ್ಮನ ಆರು ತಿಂಗಳ ಕೂಸಿಗೆ ಮಾತ್ರ ಇನ್ನೂ ಪಾಸ್‌ಪೋರ್ಟ್ ಆಗಿಲ್ಲ. ಗೋಡೆಯ ಮೇಲೆ ನಾರ್ಮನ್ ಥೆಲ್ವೆಲ್‌ನ ವ್ಯಂಗ್ಯಚಿತ್ರ ಅಂಟಿಸಿದ್ದಾರೆ. 1950ರ ದಶಕದಲ್ಲಿ 'ಪಂಚ್' ಪತ್ರಿಕೆಯಲ್ಲಿ ಶುರುವಾದ ಅವನ ಡೊಳ್ಳುಹೊಟ್ಟೆಯ ತಟ್ಟುಗಳು, ಅವುಗಳ ಮೇಲೆ ಸಿಡುಕಿಕೊಂಡು ಕೂತ ಪುಟ್ಟ ಹುಡುಗಿಯರು ಈ ದೇಶದ ಕುದುರೆಮಂದಿಗೆಲ್ಲ ಬಾಯಿಪಾಠ.

ಆ ಚಿತ್ರದ ಪಕ್ಕ ಒಂದು ಬಿಳಿ ಹಲಗೆ ಇದೆ. ನನ್ನ ಲೆಕ್ಕದಲ್ಲಿ ಈ ಅಂಗಳದಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಅದೇ. ವಾರದ ಏಳು ದಿನ, ದಿನಕ್ಕೆ ಎರಡು ಪಾಳಿ, ಪ್ರತಿ ಕುದುರೆಯ ಹೆಸರಿನ ಮುಂದೆ ಯಾರೋ ಒಬ್ಬರ ಹೆಸರು. ಆ 'ಯಾರೋ' ಆ ಕುದುರೆಯ ಒಡತಿಯೇ ಆಗಿರಬೇಕಿಲ್ಲ. ನರ್ಸು ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬಂದು ಮೂರು ಕುದುರೆಗಳಿಗೆ ಹುಲ್ಲು ಹಾಕುತ್ತಾಳೆ. ಸಂಜೆ ಅವಳ ಕುದುರೆಯನ್ನು ಟೀಚರು ಒಳಗೆ ತರುತ್ತಾಳೆ. ಲೆಕ್ಕದಾಕೆಗೆ ಮಂಗಳವಾರ ಮನೆಯಿಂದ ಕೆಲಸ, ಅಂದು ಮಧ್ಯಾಹ್ನ ನೀರಿನ ತೊಟ್ಟಿ ಉಜ್ಜುವುದು ಅವಳ ಪಾಲು. ನಾಯಿ ಕ್ಷೌರದಾಕೆ ಎಂಟೂವರೆಗೆ ತನ್ನ ಮಕ್ಕಳ ಜೊತೆ ಇನ್ನಿಬ್ಬರ ಮಕ್ಕಳನ್ನೂ ಶಾಲೆಗೆ ಬಿಡುತ್ತಾಳೆ. ದುಡ್ಡು ಕೈಬದಲಾಗುವುದಿಲ್ಲ. ಬದಲಾಗುವುದು ಬೆಳಗುಗಳು. ಹೊರಗಿನವರು ಇಂಥ ಹೆಂಗಸರನ್ನು ಕಂಡು, ಅಬ್ಬಾ, ಅದೆಷ್ಟು ಶಿಸ್ತು ಎಂದು ಹೊಗಳುತ್ತಾರೆ. ನನಗೆ ಕಂಡದ್ದು ಶಿಸ್ತಲ್ಲ, ಮುಯ್ಯಾಳು. ನಾಟಿ ಕಾಲದಲ್ಲಿ ಇವರ ಗದ್ದೆಗೆ ಅವರು, ಅವರ ಗದ್ದೆಗೆ ಇವರು ಇಳಿಯುವ ನಮ್ಮೂರ ಪದ್ಧತಿಯೇ. ಒಂಟಿಯಾಗಿ ಮನೆಯ ಹಿಂದೆ ಕುದುರೆ ಕಟ್ಟಿಕೊಂಡ ತಾಯಿಗೆ ಮಗುವಿಗೆ ಜ್ವರ ಬಂದ ದಿನ ಗತಿ ಇಲ್ಲ. ಕುದುರೆಗೂ ಅದು ಒಗ್ಗುವುದಿಲ್ಲ, ಅದು ಹಿಂಡಿನ ಪ್ರಾಣಿ.

ಸರಕಾರದ ಸಹಾಯವೂ ಇದೆ, ಆದರೆ ಅದರ ಮುಖ ಬೇರೆ ಕಡೆಗಿದೆ. 2025ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನಲ್ಲಿ ದುಡಿಯುವ ಅರ್ಹ ತಂದೆತಾಯಿಯರ ಒಂಬತ್ತು ತಿಂಗಳು ದಾಟಿದ ಮಗುವಿಗೆ ವಾರಕ್ಕೆ 30 ಗಂಟೆ, ವರ್ಷಕ್ಕೆ 38 ವಾರ ಸರಕಾರಿ ಖರ್ಚಿನ ಶಿಶುಪಾಲನೆ ಸಿಗುತ್ತದೆ. ಆ ಗಂಟೆಗಳನ್ನು ನೌಕರಿಯೇ ನುಂಗುತ್ತದೆ. ಬೆಳಗಿನ ಆರೂಕಾಲಿಗೆ ಶಿಶುವಿಹಾರಗಳು ಸಾಮಾನ್ಯವಾಗಿ ಬಾಗಿಲು ತೆಗೆದಿರುವುದಿಲ್ಲ.

ಹಾಗಾದರೆ ಸವಾರಿ ಯಾವಾಗ? ಕೇಳಿದ್ದಕ್ಕೆ ನಕ್ಕರು. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ದೀಪ ಹಾಕಿದ ಅಖಾಡ ಈ ಅಂಗಳಕ್ಕಿಲ್ಲ. ಮಾರ್ಚ್ ಬರುವವರೆಗೆ ಶನಿವಾರ, ಭಾನುವಾರವಷ್ಟೇ ಸವಾರಿ, ಅದೂ ಮಕ್ಕಳ ಗೆಳೆಯರ ಹುಟ್ಟುಹಬ್ಬ ಇಲ್ಲದಿದ್ದರೆ. ಜರ್ಮನಿಯ ಕುದುರೆ ಸವಾರಿಗಾರ್ತಿ ಜೆಸಿಕಾ ಫಾನ್ ಬ್ರೆಡೋ-ವೆರ್ನ್ಡಲ್ 2022ರಲ್ಲಿ ಎರಡನೇ ಮಗು ಹೆತ್ತು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮತ್ತೆ ಎರಡು ಚಿನ್ನ ಗೆದ್ದರು. ಅವರಿಗೆ ಅದೇ ವೃತ್ತಿ, ಕುದುರೆ ನೋಡಿಕೊಳ್ಳಲು ಜನರಿದ್ದಾರೆ. ಇಲ್ಲಿನವರು ಅವರ ಚಿತ್ರ ನೋಡಿ ಖುಷಿಪಡುತ್ತಾರೆ, ಹೋಲಿಸಿಕೊಳ್ಳುವುದಿಲ್ಲ.

ಸವಾರಿ ತಪ್ಪಿತಲ್ಲ ಎಂಬ ಅಪರಾಧಿ ಭಾವ ಮಾತ್ರ ಇವರನ್ನು ಕಾಡುತ್ತದೆ. ಅದು ಅನಗತ್ಯ ಎಂದು ನನಗನ್ನಿಸಿತು. ಹುಲ್ಲು, ಜೊತೆಗಾರರು, ಓಡಾಡಲು ಜಾಗ ಇದ್ದರೆ ಬೆನ್ನ ಮೇಲೆ ಯಾರೂ ಕೂರಲಿಲ್ಲ ಎಂದು ಕುದುರೆ ಕೊರಗುವುದಿಲ್ಲ. ಕೊರಗುವುದು ಒಡತಿಯ ಅನುಕೂಲಕ್ಕೆ ಚಳಿಗಾಲವಿಡೀ ಲಾಯದೊಳಗೆ ಕೂಡಿಹಾಕಿದಾಗ. ಹೊಲದ ತುದಿಗೆ ಹೋದರೆ ಇದಕ್ಕೆ ಉತ್ತರ ಹುಡುಕಿದವರ ಕುದುರೆಗಳು ಕಾಣುತ್ತವೆ. ಹಗಲೂ ರಾತ್ರಿ ಬಯಲಲ್ಲೇ ವಾಸ, ಮೈಗೆ ದಪ್ಪ ಕಂಬಳಿ, ಮೂರು ಗೋಡೆಯ ಒಂದು ತಗಡಿನ ಮಾಡು. ಲಾಯ ಬಾಚುವ ಕೆಲಸವೇ ಇಲ್ಲ. ಬದಲಿಗೆ ಗೇಟಿನ ಹತ್ತಿರ ಬೂಟು ಕಚ್ಚಿ ಹಿಡಿಯುವ ಕೆಸರಿದೆ. ಆದರೂ ಪುಟ್ಟ ಮಕ್ಕಳಿರುವವರು ಹೀಗೇ ಇಡಬೇಕು ಎಂಬುದು ನನ್ನ ಪಕ್ಷ.

ಎಲ್ಲ ಕುದುರೆಗೂ ಇದು ನಡೆಯದು. ಮೂಲೆಯ ಸಣ್ಣ ಕಟಾಂಜನದೊಳಗೆ ಸೊಂಟದೆತ್ತರದ ಶೆಟ್ಲೆಂಡ್ ತಟ್ಟುವೊಂದಿದೆ, ಮಕ್ಕಳೆಲ್ಲರ ಮುದ್ದು. ಹೊಟ್ಟೆ ತುಂಬ ಹಸಿಹುಲ್ಲು ಮೇಯಲು ಬಿಟ್ಟರೆ ಅದರಲ್ಲಿರುವ ಸಕ್ಕರೆಗೆ ಇಂಥವುಗಳ ಗೊರಸಿನೊಳಗೆ ಉರಿಯೂತ ಎದ್ದು ಹೆಜ್ಜೆ ಇಡಲಾರದಂತಾಗುತ್ತದೆ. ಅದಕ್ಕೆ ಒಣಹುಲ್ಲನ್ನೂ ನೀರಲ್ಲಿ ನೆನೆಸಿ, ಸಕ್ಕರೆ ಬಸಿದು ಕೊಡಬೇಕು. ಮಕ್ಕಳಿಗೆಂದು ತರುವ ಚಿಕ್ಕ ಕುದುರೆಯೇ ತಾಯಿಯ ಹೊತ್ತನ್ನು ಹೆಚ್ಚು ತಿನ್ನುತ್ತದೆ.

ಆ ತಟ್ಟುವಿನ ಬೆನ್ನು ಉಜ್ಜುತ್ತಿದ್ದ ಹೆಣ್ಣುಮಗಳು ನನ್ನ ಮುಖ ನೋಡಿ ಕನ್ನಡದಲ್ಲೇ ಮಾತು ತೆಗೆದಳು. ಹಾಸನದ ಕಡೆಯವಳು, ಇಲ್ಲಿ ಡಾಕ್ಟರು. ಎಂಟು ವರ್ಷದ ಮಗಳಿಗೆ ಕುದುರೆ ಹುಚ್ಚು. ಕೊಳ್ಳುವ ಧೈರ್ಯವಿಲ್ಲದೆ ಪಾಲಿಗೆ ಹಿಡಿದಿದ್ದಾಳೆ: ವಾರಕ್ಕೆ ಎರಡು ದಿನ ತಟ್ಟು ಇವರದು, ಆ ಎರಡು ದಿನದ ಕೆಲಸವೂ ಇವರದು, ಖರ್ಚಿನಲ್ಲಿ ಒಂದು ಭಾಗ. "ನಮ್ಮನೇಲಿ ನಾಲ್ಕು ಎಮ್ಮೆ ಇದ್ವು. ಸಗಣಿ ಬಾಚೋದು ತಪ್ಪಿಸ್ಕೊಳ್ಳೋಕೇ ಓದಿದ್ದು ನಾನು. ಈಗ ಕೈಯಿಂದ ದುಡ್ಡು ಕೊಟ್ಟು ಲದ್ದಿ ಬಾಚ್ತಿದೀನಿ. ಅಮ್ಮನಿಗೆ ವೀಡಿಯೋದಲ್ಲಿ ತೋರಿಸಿದ್ರೆ ಮೂರು ದಿನ ಮಾತಾಡ್ಲಿಲ್ಲ." ಕೊಳ್ಳುವ ಯೋಚನೆ ಇದೆಯೇ ಎಂದೆ. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ, ಮಗಳು ಇನ್ನು ಹತ್ತು ವರ್ಷಕ್ಕೆ ಕಾಲೇಜಿಗೆ ಹೋಗುತ್ತಾಳೆ, ಆಮೇಲೆ ಯಾರು ಎಂದು ತಿರುಗಿ ಕೇಳಿದಳು. ಎಳೆ ಮಕ್ಕಳಿರುವಾಗ ಹೊಸದಾಗಿ ಕುದುರೆ ಕೊಳ್ಳಹೊರಟವರಿಗೆ ನಾನು ತೋರಿಸುವುದು ಈ ಪಾಲಿನ ದಾರಿಯನ್ನೇ. ಇಲ್ಲಿನ ಬಹುತೇಕರಿಗೆ ಆ ಆಯ್ಕೆ ಇರಲಿಲ್ಲ. ಅವರ ಬದುಕಿಗೆ ಕುದುರೆ ಮೊದಲು ಬಂತು, ಗಂಡ, ಮಕ್ಕಳು ಆಮೇಲೆ.

ಏಳೂವರೆಗೆ ಎಲ್ಲರೂ ಬಿಳಿ ಹಲಗೆಯ ಮುಂದೆ ಸೇರಿದರು. ಬುಧವಾರ ಹನ್ನೊಂದಕ್ಕೆ ಲಾಳ ಕಟ್ಟುವವನು ಬರುತ್ತಾನೆ. ಆರೆಂಟು ವಾರಕ್ಕೊಮ್ಮೆ ಅವನು ಬರಲೇಬೇಕು. 1975ರ ಕಾನೂನಿನಂತೆ ನೋಂದಾಯಿತ ಲಾಳಗಾರನಲ್ಲದೆ ಸಾಮಾನ್ಯವಾಗಿ ಬೇರೆ ಯಾರೂ ಕುದುರೆಗೆ ಲಾಳ ಹೊಡೆಯುವಂತಿಲ್ಲ, ಹಾಗಾಗಿ ಅವನ ವೇಳೆಗೆ ಇವರು ಹೊಂದಿಕೊಳ್ಳಬೇಕು. ಐದು ಕುದುರೆಗಳನ್ನು ಹಿಡಿದು ನಿಲ್ಲುವವರು ಯಾರು? ಟೀಚರಿಗೆ ತರಗತಿ, ಲೆಕ್ಕದಾಕೆಗೆ ಆಡಿಟ್. ನರ್ಸಿಗೆ ಆ ಹೊತ್ತಿಗೆ ರಾತ್ರಿ ಪಾಳಿ ಮುಗಿದಿರುತ್ತದೆ, ತಾನೇ ಹಿಡಿಯುತ್ತೇನೆ ಎಂದಳು. ಬದಲಿಗೆ ಗುರುವಾರ, ಶುಕ್ರವಾರದ ಬೆಳಗು ಬೇರೆಯವರದು, ತನ್ನ ಮಗನ ಈಜು ತರಗತಿಗೆ ಕಾರು ಸಹ. ಟೀಚರು ಸ್ವಲ್ಪ ಗೊಣಗಿ, ಈಜಿನ ಚೀಲ ಅವಳೇ ತುಂಬಿಕೊಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿ, ಹಲಗೆಯ ಮೇಲೆ ಹೆಸರು ಅಳಿಸಿ ಬರೆದಳು.