ಬೋರಿಂಗ್ ಚೀಟಿಯ ಮೇಲೆ ಸುಮ್ಮನೆ ಅನುಮಾನ

ನೀಲಿ ಹೊಗೆ ಬಿಡುವ ಕಾರಿನ ಎಂಜಿನ್ ಬಿಚ್ಚಿದ ಮೇಲೆ ಮೆಕ್ಯಾನಿಕ್ ಹೇಳುವ ಮಾತು ಬಹುತೇಕ ಒಂದೇ: ‘ಸಾರ್, ಎಂಜಿನ್ ಬೋರ್‌ಗೆ ಬಂದಿದೆ. ಬ್ಲಾಕು, ಹೆಡ್ಡು, ಕ್ರ್ಯಾಂಕು ಮೂರೂ ಲೇತ್‌ಗೆ ಹೋಗ್ಬೇಕು.’ ಅಲ್ಲಿಂದ ಮುಂದೆ ಮಾಲೀಕರಿಗೆ ಏನೂ ಗೊತ್ತಾಗುವುದಿಲ್ಲ. ಗ್ಯಾರೇಜಿನ ದುಡಿಮೆ ಕಣ್ಣಿಗೆ ಕಾಣುತ್ತದೆ, ಬಿಡಿಭಾಗದ ಡಬ್ಬ ಕೈಗೆ ಸಿಗುತ್ತದೆ. ಬೋರಿಂಗ್ ಮಾಡುವ ಮಷಿನ್ ಶಾಪಿನಿಂದ ವಾಪಸು ಬರುವುದು ಮಾತ್ರ ಕೊಟ್ಟ ಕಬ್ಬಿಣವೇ, ಸ್ವಲ್ಪ ಹೊಳಪಾಗಿ. ಹಾಗಾಗಿ ಅನುಮಾನವೆಲ್ಲ ಅಲ್ಲಿನ ಕೂಲಿ ಚೀಟಿಯ ಮೇಲೆ, ಚೌಕಾಸಿಯೂ ಅಲ್ಲೇ.

‘ಖರ್ಚೆಲ್ಲ ಬೋರಿಂಗ್‌ನವನಿಗೇ ಹೋಗುತ್ತದೆ’

ಇಲ್ಲ. ಸಣ್ಣ ಪೆಟ್ರೋಲ್ ಕಾರಿನ ಒಂದು ಸಿಲಿಂಡರನ್ನು ಕೊರೆದು ಅಗಲಿಸುವ ಬೋರಿಂಗ್, ಅದರ ಗೋಡೆ ಉಜ್ಜುವ ಹೋನಿಂಗ್ ಕೂಲಿಯನ್ನು ಇವತ್ತಿಗೂ ನೂರುಗಳಲ್ಲೇ ಎಣಿಸುತ್ತಾರೆ. ಬಿಲ್ಲು ಬೆಳೆಯುವುದು ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್, ಟೈಮಿಂಗ್ ಬೆಲ್ಟ್ ಅಥವಾ ಚೈನು, ಆಯಿಲ್ ಪಂಪು, ವಾಟರ್ ಪಂಪುಗಳಿಂದ, ಮತ್ತು ಎಂಜಿನ್ ಇಳಿಸಿ ಮತ್ತೆ ಕೂರಿಸುವ ಕೂಲಿಯಿಂದ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ. 18; ಅದಕ್ಕೂ ಮೊದಲು ಹಲವು ಭಾಗಗಳಿಗೆ ಶೇ. 28 ಇತ್ತು. ಆ ಇಳಿಕೆಯಿಂದ ಉಳಿಯುವ ದುಡ್ಡು, ಬೋರಿಂಗ್ ಅಂಗಡಿಯಲ್ಲಿ ಅರ್ಧ ಗಂಟೆ ವಾದ ಮಾಡಿ ಉಳಿಸುವುದಕ್ಕಿಂತ ಹೆಚ್ಚೇ ಇದ್ದೀತು. ಇಡೀ ಬಿಲ್ಲಿನಲ್ಲಿ ಅಗ್ಗದ ಸಾಲು ಬೋರಿಂಗ್ ಕೂಲಿಯದೇ. ಇದರಲ್ಲಿ ಎಡವಿದರೆ ಮಾತ್ರ ದುಬಾರಿ ಸಾಲುಗಳೆಲ್ಲ ಎರಡನೇ ಸಲ ಬರೆಸಿಕೊಳ್ಳುತ್ತವೆ.

‘ಫೋನಿನಲ್ಲೇ ರೇಟು ಹೇಳಬಹುದು’

ಬ್ಲಾಕ್ ತೊಳೆದು ಅಳೆಯುವ ಮೊದಲು ಹೇಳುವ ರೇಟು ನಾಡಿ ಹಿಡಿಯದೆ ಹೇಳಿದ ಮದ್ದಿನಂತೆ. ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಬೋರ್ ಗೇಜ್ ಇಟ್ಟು ನೋಡಬೇಕು. ಮೂರು ಸಿಲಿಂಡರಿನ ಮಾರುತಿ 800ಕ್ಕೆ ಒಟ್ಟು 18 ಅಳತೆ. ಅದರ ಮೇಲೆ ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಜರ್ನಲ್‌ಗಳು, ಹೆಡ್ಡಿನ ಸಮತಟ್ಟು, ವಾಲ್ವ್ ಗೈಡ್‌ಗಳು. ಇವನ್ನೆಲ್ಲ ನೋಡಿದ ಮೇಲೆ ಬೋರಿಂಗೇ ಬೇಡ, ಬರೀ ಹೋನಿಂಗ್ ಸಾಕು ಎಂದೂ ಆಗಬಹುದು. ‘ಎಲ್ಲಾ ಸೇರಿ ಇಷ್ಟು’ ಎಂದು ಕಣ್ಣಳತೆಯಲ್ಲೇ ಒಪ್ಪಿಕೊಳ್ಳುವ ಅಂಗಡಿ ಬೇಡದ ಕೆಲಸವನ್ನೂ ಮಾಡೀತು, ಬೇಕಾದದ್ದನ್ನು ಬಿಟ್ಟೂ ಬಿಟ್ಟೀತು.

‘ರಿಂಗ್ ಹಾಕಿದರೆ ಸಾಕು, ಹೊಗೆ ನಿಲ್ಲುತ್ತೆ’

ನಮ್ಮಲ್ಲಿ ಅತಿ ಹೆಚ್ಚು ದುಡ್ಡು ನೀರಿಗೆ ಹೋಗುವುದು ಈ ಒಂದು ನಂಬಿಕೆಯಿಂದ. ಸಿಲಿಂಡರ್ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ ತುತ್ತತುದಿಗೆ ಬಂದು ತಿರುಗುವ ಗಳಿಗೆಯಲ್ಲಿ ಅದರ ವೇಗ ಸೊನ್ನೆ. ಆಯಿಲ್ ಪದರ ಅಲ್ಲಿ ತೀರಾ ತೆಳ್ಳಗಾಗುತ್ತದೆ, ಉರಿಯುವ ಗ್ಯಾಸಿನ ಒತ್ತಡ ರಿಂಗನ್ನು ಗೋಡೆಗೆ ಬಲವಾಗಿ ಒತ್ತುತ್ತದೆ. ಹಾಗಾಗಿ ಮೇಲ್ಭಾಗವೇ ಹೆಚ್ಚು ಸವೆಯುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಒಂದು ಪಕ್ಕ ಇನ್ನಷ್ಟು ತಿಂದುಹೋಗಿ, ದುಂಡಗಿದ್ದ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದರೊಳಗೆ ದುಂಡನೆಯ ಹೊಸ ರಿಂಗ್ ಇಳಿಸಿದರೆ ಎಲ್ಲೆಡೆ ಗೋಡೆಗೆ ತಾಗುವುದಾದರೂ ಹೇಗೆ? ತುದಿಯಲ್ಲಿ ಸವೆಯದೆ ಉಳಿದ ಅಂಚಿಗೆ ಹೊಸ ರಿಂಗ್ ಬಡಿದು ಮುರಿಯುವುದೂ ಉಂಟು. ಸ್ವಲ್ಪ ದಿನ ಹೊಗೆ ಕಡಿಮೆಯಾದಂತೆ ಕಂಡು ಮತ್ತೆ ಶುರುವಾಗುತ್ತದೆ. ಗ್ಯಾಸ್ಕೆಟ್ಟು, ಆಯಿಲ್ಲು, ಇಳಿಸಿ ಕೂರಿಸುವ ಕೂಲಿ ಎಲ್ಲವೂ ಇನ್ನೊಂದು ಸಲ.

ಸವೆತ ಕಂಪನಿ ಹೇಳಿದ ಮಿತಿಯೊಳಗೇ ಇದ್ದರೆ ರಿಂಗ್ ಹಾಕಿಸುವುದು ಸರಿಯಾದ ಕೆಲಸವೇ. ಆಗಲೂ ಹೋನಿಂಗ್ ಬೇಕು. ಅದು ಗೋಡೆಯ ಮೇಲೆ ಎಳೆಯುವ ಒಂದನ್ನೊಂದು ದಾಟುವ ಗೀರುಗಳಲ್ಲೇ ಆಯಿಲ್ ನಿಲ್ಲುವುದು, ಅವುಗಳ ಮೇಲೆ ಉಜ್ಜಿಯೇ ಹೊಸ ರಿಂಗ್ ಪಳಗುವುದು.

‘ಬೋರ್ ಮಾಡಿಸಿದ ಎಂಜಿನ್‌ಗೆ ಆಯಸ್ಸು ಕಮ್ಮಿ’

ಹಾಗಿದ್ದಿದ್ದರೆ ಅಗಲಿಸಿದ ಬೋರಿಗೆ ಹೊಂದುವ ಓವರ್‌ಸೈಜ್ ಪಿಸ್ಟನ್ನನ್ನು ಕಂಪನಿಗಳೇ ಯಾಕೆ ಮಾರುತ್ತಿದ್ದವು? 1983ರಿಂದ 2014ರವರೆಗೆ ತಯಾರಾದ ಮಾರುತಿ 800ನ್ನೇ ನೋಡಿ. 796 ಸಿಸಿ ಎಂಜಿನ್, 68.5 ಮಿ.ಮೀ. ಬೋರು, 72 ಮಿ.ಮೀ. ಸ್ಟ್ರೋಕು. ಅರ್ಧ ಮಿಲಿಮೀಟರ್ ಓವರ್‌ಸೈಜ್ ಅಂದರೆ ಸುತ್ತಲ ಗೋಡೆಯಿಂದ ಹೋಗುವುದು ಕಾಲು ಮಿಲಿಮೀಟರ್. ಎಂಜಿನ್ 808 ಸಿಸಿ ಆದೀತು, ಅಷ್ಟೇ. ಮೈಲೇಜ್ ಬಿದ್ದುಹೋಗುತ್ತದೆ ಎನ್ನುವುದಕ್ಕೆ ಈ 12 ಸಿಸಿ ಕಾರಣವಾಗಲಾರದು. ಓವರ್‌ಸೈಜಿನ ಮಿತಿಯೂ ದಾಟಿದ್ದರೆ ಸ್ಲೀವ್ ಕೂರಿಸಿ ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತರುತ್ತಾರೆ; ಅದರ ಖರ್ಚು ಬೇರೆ.

ಆಯಸ್ಸು ಕಮ್ಮಿಯಾಗುವುದಕ್ಕೆ ಕಾರಣಗಳು ಬೇರೆ. ಒಂದು, ಪಿಸ್ಟನ್ ಕೈಗೆ ಬರುವ ಮೊದಲೇ ಬೋರ್ ಹೊಡೆಸುವುದು. ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು, ಡಬ್ಬದ ಮೇಲಿನ ಸಂಖ್ಯೆ ನಂಬಿ ಮಾಡುವ ಕೆಲಸವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ತಂದ ಪಿಸ್ಟನ್ ಮೊದಲು ಕೊಡಿ, ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು ಬೋರ್ ಮಾಡಲಿ. ಇನ್ನೊಂದು, ತೊಳೆಯದೆ ಜೋಡಿಸುವುದು. ಹೋನಿಂಗ್ ಕಲ್ಲಿನ ಪುಡಿ ಆ ಸಣ್ಣ ಗೀರುಗಳಲ್ಲೇ ಕೂತಿರುತ್ತದೆ. ಡೀಸೆಲ್ ಎರಚಿ ಒರೆಸಿದರೆ ಅದು ಹೋಗುವುದಿಲ್ಲ. ಬಿಸಿ ಸೋಪು ನೀರಲ್ಲಿ ಬ್ರಷ್ ಹಾಕಿ ಉಜ್ಜಿ, ಗಾಳಿ ಹೊಡೆದು ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ಖರ್ಚು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಬಿಟ್ಟರೆ ಹೊಸ ಬೇರಿಂಗು, ಹೊಸ ರಿಂಗು ಎರಡನ್ನೂ ಆ ಪುಡಿಯೇ ಅರೆದುಹಾಕುತ್ತದೆ.

‘ಹೆಡ್ ಬೆಂಡಾದರೆ ಫೇಸಿಂಗ್ ಮಾಡಿಸಿದರಾಯ್ತು’

ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನೀರು ಖಾಲಿಯಾಗಿ ಎಂಜಿನ್ ಕಾದಾಗ, ಕಬ್ಬಿಣದ ಬ್ಲಾಕಿಗೆ ಬೋಲ್ಟ್ ಬಿಗಿದ ಅಲ್ಯೂಮಿನಿಯಂ ಹೆಡ್ಡು ಹಿಗ್ಗಲು ಜಾಗ ಸಾಲದೆ ಬಾಗುತ್ತದೆ. ಬಾಗುವುದು ಇಡೀ ಹೆಡ್ಡು, ತಳ ಮಾತ್ರವಲ್ಲ. ಹೆಡ್ಡಿನಲ್ಲೇ ಕ್ಯಾಮ್‌ಶಾಫ್ಟ್ ಕೂರುವ ಎಂಜಿನ್‌ಗಳಲ್ಲಿ ಅದರ ರಂಧ್ರಗಳ ಸಾಲೂ ಓರೆಯಾಗಿರುತ್ತದೆ. ತಳ ಉಜ್ಜಿ ನುಣುಪು ಮಾಡಿದರೆ ಗ್ಯಾಸ್ಕೆಟ್ ಕೂತೀತು, ಕ್ಯಾಮ್ ಬಿಗಿಯಾಗಿಯೇ ಉಳಿದೀತು. ಮೊದಲು ಒತ್ತಡ ಪರೀಕ್ಷೆಯಲ್ಲಿ ಬಿರುಕು ಇಲ್ಲವೆಂದು ನೋಡಿ, ಕ್ಯಾಮ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ, ಆಮೇಲೆ ಫೇಸಿಂಗ್. ಬಿರುಕು ಬಿಟ್ಟ ಹೆಡ್ಡಿಗೆ ಕೊಟ್ಟ ಫೇಸಿಂಗ್ ಕೂಲಿ ಪೂರಾ ನಷ್ಟ. ಡೀಸೆಲ್ ಎಂಜಿನ್ನಾದರೆ ಎಷ್ಟು ಲೋಹ ತೆಗೆಯಬಹುದು, ತೆಗೆಯಬಹುದೇ ಎಂಬುದನ್ನೂ ಕಂಪನಿಯ ಪುಸ್ತಕ ನೋಡಿಯೇ ತೀರ್ಮಾನಿಸಬೇಕು. ವಾಲ್ವಿಗೂ ಪಿಸ್ಟನ್ನಿಗೂ ಅಲ್ಲಿ ಅಂತರ ತೀರಾ ಕಡಿಮೆ.

ಕ್ರ್ಯಾಂಕ್ ಗ್ರೈಂಡಿಂಗ್ ವಿಷಯ ಇಷ್ಟೇ: ಉಜ್ಜಿ ಸಣ್ಣಗಾದ ಜರ್ನಲ್‌ಗೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಸಿಗುತ್ತದೆಯೇ ಎಂದು ವಿಚಾರಿಸುವ ಮೊದಲು ಗ್ರೈಂಡ್ ಮಾಡಿಸಬೇಡಿ. ಕೆಲವು ಹೊಸ ಎಂಜಿನ್‌ಗಳಿಗೆ ಅದು ಬರುವುದೇ ಇಲ್ಲ. ಜರ್ನಲ್ ಅಂಚಿನ ಬಾಗಿದ ಮೂಲೆಯನ್ನು ಚೂಪಾಗಿ ಕಡಿದರೆ ಮುಂದೆ ಕ್ರ್ಯಾಂಕ್ ತುಂಡಾಗುವುದು ಅಲ್ಲಿಂದಲೇ.

ಇಷ್ಟೆಲ್ಲ ತಲೆನೋವು ಬೇಡ, ಹಳೇ ಎಂಜಿನ್ ತಂದು ಕೂರಿಸಿದರೆ ಸಸ್ತಾ ಎನ್ನುವವರಿದ್ದಾರೆ. ಆ ಎಂಜಿನ್ನಿನ ಒಳಗಿನ ಸವೆತ ನಿಮಗೆ ಗೊತ್ತಿಲ್ಲ. ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದರಿಂದ ಆರ್‌ಟಿಒದಲ್ಲಿ ದಾಖಲೆ ಬದಲಿಸದೆ ಓಡಿಸುವಂತೆಯೂ ಇಲ್ಲ.

ಬ್ಲಾಕ್ ಬಿಟ್ಟುಬರುವಾಗ ಬೋರಿಂಗ್ ಅಂಗಡಿಯವರನ್ನು ಒಂದು ಕೇಳಿ: ಕೆಲಸಕ್ಕೆ ಮೊದಲಿನ ಅಳತೆ, ಆಮೇಲಿನ ಅಳತೆ ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ ಎಂದು. ಬರೆದುಕೊಡುವವರು ನೂರಿನ್ನೂರು ಹೆಚ್ಚು ಕೇಳಿದರೂ ಕೊಟ್ಟುಬಿಡಿ.