ತೊಟ್ಟಿಯೊಳಗಿನ ಹಾರಾಟ

1954ರ ಜೂನ್. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ವಿಮಾನಕ್ಕೆಂದೇ ಕಟ್ಟಿದ ಭಾರಿ ತೊಟ್ಟಿ. ಕಾಮೆಟ್ ಜೆಟ್‌ನ ಇಡೀ ಒಡಲು ಅದರಲ್ಲಿ ಮುಳುಗಿದೆ. ಪ್ರಯಾಣಿಕರು ಕೂರುತ್ತಿದ್ದ ಕಡೆಯೂ ನೀರೇ. ರೆಕ್ಕೆಗಳು ಮಾತ್ರ ಗೋಡೆ ದಾಟಿ ಎರಡೂ ಬದಿಗೆ ಚಾಚಿವೆ. ಪಂಪು ಒಳಗಿನ ಒತ್ತಡ ಏರಿಸುತ್ತದೆ: ವಿಮಾನ ಮೇಲೇರಿತು. ಜಾಕ್‌ಗಳು ರೆಕ್ಕೆಗಳನ್ನು ಬಾಗಿಸುತ್ತವೆ: ಬಿರುಗಾಳಿಗೆ ಸಿಕ್ಕಿತು. ಒತ್ತಡ ಇಳಿಯುತ್ತದೆ: ನೆಲ ಮುಟ್ಟಿತು. ಗಂಟೆಗಟ್ಟಲೆಯ ಪ್ರಯಾಣ ಕೆಲವೇ ನಿಮಿಷಗಳಲ್ಲಿ ಮುಗಿದು ಮತ್ತೆ ಶುರು. ಹಗಲೂ ರಾತ್ರಿಯೂ ಇದೇ.

ಆ ವರ್ಷದ ಜನವರಿಯಲ್ಲಿ ಎಲ್ಬಾ ದ್ವೀಪದ ಬಳಿ, ಏಪ್ರಿಲ್‌ನಲ್ಲಿ ನೇಪಲ್ಸ್ ಬಳಿ ಎರಡು ಕಾಮೆಟ್‌ಗಳು ಆಕಾಶದಲ್ಲೇ ಒಡೆದು 56 ಜನ ಸತ್ತಿದ್ದರು. ಕಾರಣ ಹುಡುಕಲು ಆರ್ನಾಲ್ಡ್ ಹಾಲ್ ಅವರ ತಂಡ ನೀರನ್ನೇ ಆರಿಸಿಕೊಂಡದ್ದು ಜಾಣತನ. ಒತ್ತಿ ತುಂಬಿದ ಗಾಳಿಯಾದರೆ ಲೋಹ ಬಿರಿದ ಗಳಿಗೆಯಲ್ಲೇ ಸಿಡಿದು ಒಡಲನ್ನು ಛಿದ್ರ ಮಾಡುತ್ತದೆ. ನೀರಿನಲ್ಲಿ ಬಿರುಕು ಬಿಟ್ಟೊಡನೆ ಒತ್ತಡ ಕುಸಿಯುತ್ತದೆ, ಸಾಕ್ಷಿ ಇದ್ದಲ್ಲೇ ಉಳಿಯುತ್ತದೆ.

ಸಾಕ್ಷಿ ಸಿಕ್ಕಿತು. ಆಕಾಶದಲ್ಲಿ ಮೊದಲೇ ಸಾವಿರಕ್ಕೂ ಹೆಚ್ಚು ಸಲ ಹಾರಿದ್ದ ಈ ವಿಮಾನ, ತೊಟ್ಟಿಯ ಹಾರಾಟವೂ ಸೇರಿ ಸುಮಾರು 3,060ರ ಹೊತ್ತಿಗೆ ಬಿರಿಯಿತು. ತುರ್ತು ಬಾಗಿಲಿನ ಮೂಲೆ. ಅಲ್ಲೊಂದು ಬೋಲ್ಟಿನ ತೂತು. ತೂತಿನ ಅಂಚಿನಲ್ಲಿ ಹುಟ್ಟಿದ ಕೂದಲೆಳೆಯಂಥ ಸೀಳು ಪ್ರತಿ ಏರಿಳಿತಕ್ಕೂ ಚೂರುಚೂರೇ ಬೆಳೆದು, ಕೊನೆಗೆ ಒಂದೇ ಏಟಿಗೆ ಹೊದಿಕೆಯನ್ನು ಹರಿದುಕೊಂಡು ಹೋಗಿತ್ತು. ಎಲ್ಬಾದ ವಿಮಾನ 1,290 ಹಾರಾಟಕ್ಕೆ, ನೇಪಲ್ಸ್‌ನದು ಸುಮಾರು 900ಕ್ಕೆ ಒಡೆದಿದ್ದವು. ಒಂದೇ ನಕ್ಷೆ, ಒಂದೇ ಲೋಹ, ಆಯಸ್ಸು ಮಾತ್ರ ಇಷ್ಟು ಬೇರೆ!

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಅಂಕಿ. ತಯಾರಕರಾದ ಡಿ ಹ್ಯಾವಿಲೆಂಡ್ ಮೊದಲೇ ವಿಮಾನದ ಮುಂಭಾಗವನ್ನು ಪರೀಕ್ಷಿಸಿದ್ದರು. ಅದು ಸುಮಾರು 18,000 ಸಲ ತಾಳಿತ್ತು. ಲೆಕ್ಕ ತಪ್ಪಿದ್ದು ಹೇಗೆ? ಆ ತುಂಡಿನ ಮೇಲೆ ಗಟ್ಟಿತನ ನೋಡಲೆಂದು ಮಾಮೂಲಿಯ ಎರಡು ಪಟ್ಟಿನವರೆಗೂ ಒತ್ತಡ ಹೇರಿದ್ದರು. ಆಗ ಮೂಲೆಗಳ ಲೋಹ ಹಿಗ್ಗಿ, ಒತ್ತಡ ತೆಗೆದಾಗ ಸುತ್ತಲಿನ ಲೋಹ ಅದನ್ನು ಬಿಗಿಯಾಗಿ ಅಮುಕಿಹಿಡಿಯಿತು. ಬಿರುಕಿಗೆ ಬಾಯಿ ತೆರೆಯುವುದೇ ಕಷ್ಟವಾಯಿತು. ಜನರನ್ನು ಹೊತ್ತ ವಿಮಾನಗಳಿಗೆ ಆ ರಕ್ಷೆ ಇರಲಿಲ್ಲ. 18,000 ಸುಳ್ಳಲ್ಲ, ಅದು ಬೇರೊಂದು ಒಡಲಿನ ಆಯಸ್ಸು. ದುಡಿಯುವ ವಸ್ತು ಕಾಣದ್ದನ್ನು ಕಂಡ ತುಂಡಿನಿಂದ ಬಾಳಿಕೆ ಅಳೆದದ್ದೇ ಇಲ್ಲಿಯ ದೊಡ್ಡ ತಪ್ಪು.

ಈ ಪಾಠ ಕಲಿತ ಮೇಲೆ ಬಂದ, ದಪ್ಪ ಹೊದಿಕೆ, ದುಂಡು ಕಿಟಕಿಗಳ ಕಾಮೆಟ್ 4 ವಿಮಾನ 1958ರ ಅಕ್ಟೋಬರ್ 4ರಂದು ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ದಾಟಿತು.