ಒಂದು ಗೇಣುದ್ದದ ಜೆಟ್

ಯುದ್ಧರಂಗಕ್ಕಿಳಿದ ಜಗತ್ತಿನ ಮೊದಲ ಜೆಟ್ ಫೈಟರ್, ಜರ್ಮನಿಯ ಮೆಸ್ಸರ್‌ಸ್ಮಿಟ್ ಮಿ-262, ಮೂತಿಯಿಂದ ಬಾಲದವರೆಗೆ 10.6 ಮೀಟರ್ ಉದ್ದವಿತ್ತು. ಅದನ್ನು 48ರಲ್ಲಿ ಒಂದು ಪಾಲಿಗೆ ಇಳಿಸಿದರೆ 22 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ಟಮಿಯಾ, ರೆವೆಲ್, ಏರ್‌ಫಿಕ್ಸ್‌ನಂಥ ಕಂಪನಿಗಳು ಬೇರೆ ಬೇರೆ ಅಳತೆಗಳಲ್ಲಿ ಇದರ ಕಿಟ್‌ಗಳನ್ನು ಹೊರತಂದಿವೆ. ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಭಾಗಗಳನ್ನು ಕತ್ತರಿಸಿ, ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದು, ನೀರಿನಲ್ಲಿ ನೆನೆಸಿದ ಡೆಕಾಲ್‌ಗಳನ್ನು ಕೂರಿಸಿದರೆ ವಿಮಾನ ಸಿದ್ಧ. ಇಷ್ಟನ್ನೇ ಕಂಡವರು ಇದನ್ನು ತಾಳ್ಮೆಯ ಆಟವೆಂದು ಬಗೆಯುವುದು ಸಹಜ. ಈ ಕಸುಬಿನ ನಿಜವಾದ ಬೆಲೆ ಇರುವುದು ಬೇರೆ ಕಡೆ: ಕಿಟ್ ಕೊಟ್ಟದ್ದನ್ನು ಫೋಟೊ, ನಕ್ಷೆ, ಉಳಿದಿರುವ ವಿಮಾನಗಳ ಜೊತೆ ಹೋಲಿಸಿ ತಿದ್ದುವ ಕೆಲಸದಲ್ಲಿ. ಒಂದೊಂದು ಸೂಕ್ಷ್ಮ ವಿವರವೂ ಇತಿಹಾಸದ ಪುರಾವೆಯನ್ನು ಕೈಯಿಂದ ಪರೀಕ್ಷಿಸುವ ಒಂದು ಸಂದರ್ಭ ಎಂಬುದು ನನ್ನ ವಾದ.

ಮೂತಿಯ ತೂಕವನ್ನೇ ನೋಡಿ. ಈ ಮಾದರಿಯನ್ನು ಹಾಗೇ ಜೋಡಿಸಿ ನಿಲ್ಲಿಸಿದರೆ ಅದು ಬಾಲದ ಮೇಲೆ ಕುಕ್ಕರಿಸುತ್ತದೆ. ಒಡಲಿನ ಎರಡು ಹೋಳುಗಳನ್ನು ಮುಚ್ಚುವ ಮೊದಲೇ ಮೂತಿಯೊಳಗೆ ಸೀಸದ ತುಂಡನ್ನೋ ಲೋಹದ ಗುಂಡನ್ನೋ ಇಡಬೇಕು. ಅಸಲಿ ವಿಮಾನದಲ್ಲಿ ಆ ಜಾಗದಲ್ಲಿ 30 ಮಿ.ಮೀ.ನ ನಾಲ್ಕು ಫಿರಂಗಿಗಳೂ ಅವುಗಳ ಮದ್ದುಗುಂಡೂ ಇದ್ದವು. ಇನ್ನೂ ಹಿಂದಕ್ಕೆ ಹೋದರೆ, ಮೊದಲ ಪ್ರಯೋಗ ವಿಮಾನಗಳಿಗೆ ಮೂತಿಯ ಗಾಲಿಯೇ ಇರಲಿಲ್ಲ, ಬಾಲದಲ್ಲಿ ಗಾಲಿ ಇತ್ತು. 1942ರ ಜುಲೈ 18ರಂದು ಲೈಪ್‌ಹೈಮ್‌ನಲ್ಲಿ ಫ್ರಿಟ್ಸ್ ವೆಂಡೆಲ್ ಬರೀ ಜೆಟ್ ಎಂಜಿನ್‌ಗಳ ಬಲದಿಂದ ಅದನ್ನು ಮೊದಲ ಸಲ ಹಾರಿಸಿದಾಗ, ರನ್‌ವೇ ಮೇಲೆ ಓಡುತ್ತಿರುವಾಗಲೇ ಬ್ರೇಕ್ ಒತ್ತಿ ಬಾಲವನ್ನು ಮೇಲೆಬ್ಬಿಸಬೇಕಾಯಿತು. ಪ್ರೊಪೆಲರ್ ಬೀಸುವ ಗಾಳಿ ಇಲ್ಲದೆ ಬಾಲದ ಎಲಿವೇಟರ್‌ಗಳಿಗೆ ಹಿಡಿತ ಸಿಗುತ್ತಿರಲಿಲ್ಲ. ರೆಕ್ಕೆಯ 18.5 ಡಿಗ್ರಿ ಹಿಂಬಾಗೂ ಇಂಥದ್ದೇ. ಅದು ವೇಗಕ್ಕಾಗಿ ಎಂದು ನಂಬುವವರೇ ಹೆಚ್ಚು. ಎಂಜಿನ್ ಅಂದಾಜಿಗಿಂತ ಭಾರವಾದದ್ದರಿಂದ ಗುರುತ್ವಕೇಂದ್ರವನ್ನು ಸರಿಪಡಿಸಲು ಮೊದಲು ಆ ಬಾಗು ಬಂತು. ತೂಕ ಎಲ್ಲಿ ಕೂರಬೇಕೆಂಬ ಪ್ರಶ್ನೆಯನ್ನು ಕೈಯಾರೆ ಬಿಡಿಸಿದವರಿಗೆ ಆ ವಿನ್ಯಾಸಕಾರರ ಪಾಡು ಅರ್ಥವಾಗುತ್ತದೆ.

ಹೆಚ್ಚು ಚರ್ಚೆ ನಡೆಯಬೇಕಾದದ್ದು ಮೈಮೇಲಿನ ಗೀಟುಗಳ ಬಗ್ಗೆ. ಲೋಹದ ಹಾಳೆಗಳು ಸೇರುವ ಕಡೆಯಲ್ಲೆಲ್ಲ ಕಿಟ್ ತಯಾರಕರು ಗೆರೆ ಕೊರೆದಿರುತ್ತಾರೆ. 1:48 ಅಳತೆಯಲ್ಲಿ ಕಾಲು ಮಿಲಿಮೀಟರ್ ಅಗಲದ ಗೆರೆ ಎಂದರೆ ಅಸಲಿನಲ್ಲಿ 12 ಮಿಲಿಮೀಟರ್ ಸಂದಿ. ಕಿರುಬೆರಳು ಸಿಕ್ಕಿಕೊಳ್ಳುವಂಥ ಬಿರುಕು ಬಿಟ್ಟ ಫೈಟರ್ ಎಲ್ಲಾದರೂ ಉಂಟೆ? ಮಿ-262ರ ಮಟ್ಟಿಗೆ ತಪ್ಪು ಇನ್ನೂ ದೊಡ್ಡದು, ಏಕೆಂದರೆ ಕಾರ್ಖಾನೆಯಲ್ಲೇ ಆ ಸಂದಿಗಳಿಗೆ ಪುಟ್ಟಿ ಬಳಿದು ಉಜ್ಜಿ ನುಣುಪು ಮಾಡುತ್ತಿದ್ದರು. 1945ರ ಮಾರ್ಚ್ ಕೊನೆಯಲ್ಲಿ ಪರೀಕ್ಷಾ ಪೈಲಟ್ ಹಾನ್ಸ್ ಫೇ ಅಮೆರಿಕನ್ನರಿಗೆ ಶರಣಾಗಿ ತಂದಿಳಿಸಿದ, ಬಣ್ಣವನ್ನೇ ಕಾಣದ ವಿಮಾನದ ಫೋಟೊಗಳಲ್ಲಿ ಈ ಪುಟ್ಟಿಯ ಪಟ್ಟಿಗಳು ಎದ್ದು ಕಾಣುತ್ತವೆ. ಗೆರೆಗಳನ್ನೆಲ್ಲ ಮುಚ್ಚಿದರೆ ಮಾದರಿ ಸಪ್ಪೆಯಾಗುತ್ತದೆ, ಕಣ್ಣಿಗೆ ಆಸರೆಯೇ ಇರುವುದಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಎಲ್ಲವನ್ನೂ ಮುಚ್ಚಬೇಕಾಗಿಲ್ಲ. ಫಿರಂಗಿ ಕೋಣೆಯ ಬಾಗಿಲು, ಎಂಜಿನ್ ಹೊದಿಕೆ, ಇಂಧನದ ಮುಚ್ಚಳ ಇವೆಲ್ಲ ದಿನವೂ ತೆರೆಯುತ್ತಿದ್ದವು, ಅವುಗಳಿಗೆ ಪುಟ್ಟಿ ಬಳಿಯುವಂತಿರಲಿಲ್ಲ. ಮುಚ್ಚಿದ ಸಂದಿ ಅಳಿಸಿ, ತೆರೆಯುವ ಬಾಗಿಲಿನ ಗೆರೆ ಉಳಿಸಿಕೊಂಡ ಮಾದರಿಯನ್ನು ನೋಡಿ ಮೆಕ್ಯಾನಿಕ್ ಎಲ್ಲೆಲ್ಲಿ ಕೈ ಹಾಕುತ್ತಿದ್ದ ಎಂದು ಹೇಳಬಹುದು.

ಮಾಸಲು ಹಿಡಿಸುವ ಕೆಲಸಕ್ಕೂ ಇದೇ ಮಾತು. ಬಿಸಿಲಿಗೆ ಬಿಳಿಚಿದ ಬಣ್ಣ, ಹಳೆಯ ತುಕ್ಕು, ಸವೆದ ರೆಕ್ಕೆಬುಡ ಈಗಿನ ಮಾದರಿಗಳಲ್ಲಿ ಧಾರಾಳ. ನಿಕಲ್, ಕ್ರೋಮಿಯಂ ಕೊರತೆಯಿಂದಾಗಿ ಇದರ ಯೂಮೊ-004 ಎಂಜಿನ್ 10ರಿಂದ 25 ಗಂಟೆ ಓಡಿದರೆ ಹೆಚ್ಚು. ಯುದ್ಧದ ಕೊನೆಯ ತಿಂಗಳುಗಳಲ್ಲಿ ವಿಮಾನಕ್ಕೂ ಮುಪ್ಪಾಗುವಷ್ಟು ಆಯುಷ್ಯ ಇರಲಿಲ್ಲ. ಹಾಗಾಗಿ ನೆಲದ ಕೆಸರು, ಎಣ್ಣೆಯ ಜಿಡ್ಡು, ಎಂಜಿನ್ ಬದಲಿಸಿದ ಕಡೆ ಬೇರೆ ಛಾಯೆಯ ಹೊದಿಕೆ ಒಪ್ಪುತ್ತವೆ, ವರ್ಷಾನುಗಟ್ಟಲೆ ಬಿಸಿಲುಂಡ ಬಣ್ಣ ಒಪ್ಪುವುದಿಲ್ಲ. ಆ ಕಾಲದ ಹಸಿರು, ಕಂದು ಬಣ್ಣಗಳ ಸರಿಯಾದ ಛಾಯೆ ಯಾವುದೆಂಬ ಬಗ್ಗೆ ಸಂಶೋಧಕರಲ್ಲಿ ಇಂದಿಗೂ ಒಮ್ಮತವಿಲ್ಲ, ಕಪ್ಪುಬಿಳುಪು ಫೋಟೊ ಅದನ್ನು ತೀರ್ಮಾನಿಸಲಾರದು. ಅದಕ್ಕೇ ಯುದ್ಧಕಾಲದ ಬಣ್ಣವನ್ನು ಉಳಿಸಿಕೊಂಡಿರುವ, ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಯುದ್ಧಸ್ಮಾರಕದ ಮಿ-262ಕ್ಕೆ ಅಷ್ಟು ಬೆಲೆ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ನಾಜಿ ಯಂತ್ರವೊಂದನ್ನು ಇಷ್ಟು ಅಕ್ಕರೆಯಿಂದ ಕಟ್ಟುವುದು ಯುದ್ಧವನ್ನು ಚಂದಗಾಣಿಸಿದಂತಲ್ಲವೇ? ಹೊಳೆಯುವ ಮೈಯನ್ನಷ್ಟೇ ಕಟ್ಟಿದರೆ ಹೌದು. ಜರ್ಮನಿಯ ಕಾನೂನು ಸ್ವಸ್ತಿಕ ಚಿಹ್ನೆಯ ಪ್ರದರ್ಶನವನ್ನು ನಿರ್ಬಂಧಿಸುವುದರಿಂದ ಹಲವು ಕಿಟ್‌ಗಳ ಡೆಕಾಲ್ ಹಾಳೆಯಲ್ಲಿ ಅದು ಇರುವುದೇ ಇಲ್ಲ, ಇದ್ದರೂ ಚೂರುಚೂರಾಗಿ ಇರುತ್ತದೆ. ಆ ನಿರ್ಬಂಧವನ್ನು ನಾನು ಗೌರವಿಸುತ್ತೇನೆ. ಆದರೆ ಚಿಹ್ನೆ ತೆಗೆದ ಮಾತ್ರಕ್ಕೆ ವಿಮಾನ ನಿರ್ದೋಷಿಯಾಗದು. ಆಸ್ಟ್ರಿಯಾದ ಸಾಂಕ್ಟ್ ಗಿಯೋರ್ಗನ್ ಬಳಿಯ ಸುರಂಗಗಳಲ್ಲಿ ಗುಸೆನ್ ಯಾತನಾ ಶಿಬಿರದ ಕೈದಿಗಳಿಂದ ಇದರ ಒಡಲುಗಳನ್ನು ಮಾಡಿಸಿದರು. ಆ ಶಿಬಿರದಲ್ಲಿ ಸತ್ತವರು ಸಾವಿರಾರು ಮಂದಿ. ರಿವೆಟ್ಟಿನ ಸಾಲನ್ನು ಭೂತಗನ್ನಡಿ ಹಿಡಿದು ಸರಿಪಡಿಸುವವರು, ಆ ರಿವೆಟ್ ಹೊಡೆದ ಕೈ ಯಾರದೆಂದು ಕೇಳದಿದ್ದರೆ ಅವರ ನಿಖರತೆ ಅರ್ಧಕ್ಕೇ ನಿಂತಂತೆ. ಮಾದರಿಯ ಪೀಠದ ಮೇಲೆ ಸ್ಕ್ವಾಡ್ರನ್ ಹೆಸರಿನ ಜೊತೆ ಗುಸೆನ್ ಹೆಸರೂ ಇರಬೇಕು.

ಈ ಕಸುಬಿಗೆ ಕೈ ಹಾಕಬೇಕೆನ್ನುವ ಕನ್ನಡಿಗರಿಗೆ ಯುರೋಪಿನ ಮ್ಯೂಸಿಯಂಗಳು ದೂರ. ಆದರೆ ಯುದ್ಧಕಾಲದ ಜರ್ಮನಿಯಲ್ಲಿ ಫೋಕ್-ವುಲ್ಫ್ ವಿಮಾನಗಳನ್ನು ರೂಪಿಸಿದ ಕುರ್ಟ್ ಟ್ಯಾಂಕ್ ಆಮೇಲೆ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು ‘ಮಾರುತ್’ ಜೆಟ್ ವಿನ್ಯಾಸ ಮಾಡಿದರು. ಅದು 1961ರ ಜೂನ್ 17ರಂದು ಮೊದಲು ಹಾರಿತು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕಾದಿತು. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ಹತ್ತಿರದಿಂದ ನೋಡಬಹುದು. ಮೊದಲ ಕಿಟ್ ಕೊಳ್ಳುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಅಲ್ಲಿಗೆ ಹೋಗಿ, ಗಾಲಿಗೂಡಿನೊಳಗಿನ ಪೈಪುಗಳನ್ನೂ ತೆರೆಯುವ ಬಾಗಿಲುಗಳ ಗೆರೆಗಳನ್ನೂ ಬರೆದುಕೊಂಡು ಬನ್ನಿ.